ಹಂದಿಯ ಆಹಾರದ ಎಣ್ಣೆಯಂಶ ಮತ್ತು ಕೊಬ್ಬಿನ ಗುಣ

ಹಂದಿಯನ್ನು ಮಾರುವಾಗ ಸಾಕಣೆದಾರರು ಮುಖ್ಯವಾಗಿ ಗಮನಿಸುವುದು ಅದರ ತೂಕವನ್ನು. ಮಾಂಸವನ್ನು ಕೊಳ್ಳುವವರು ತೂಕದ ಜೊತೆಗೆ ಇನ್ನೊಂದು ಅಂಶವನ್ನೂ ನೋಡುತ್ತಾರೆ. ಅದು ಕೊಬ್ಬಿನ ಗಟ್ಟಿತನ. ತಂಪಿನಲ್ಲಿಟ್ಟ ಮೇಲೆ ಬೆಳ್ಳಗೆ, ಗಟ್ಟಿಯಾಗಿ ನಿಲ್ಲುವ ಕೊಬ್ಬು ಒಳ್ಳೆಯದೆಂದು ಎಣಿಸಲ್ಪಡುತ್ತದೆ. ಬೆರಳಿಟ್ಟರೆ ಒಳಗೆ ಹೋಗುವ, ಜಿಡ್ಡು ಒಸರುವ, ಕೊಯ್ದರೆ ಹೋಳು ನೆಟ್ಟಗೆ ನಿಲ್ಲದ ಕೊಬ್ಬು ಕೊಳ್ಳುವವರಿಗೆ ಹಿಡಿಸುವುದಿಲ್ಲ. ಇಂತಹ ಮಾಂಸದಿಂದ ಬೇಕನ್, ಸಾಸೇಜ್ ಮುಂತಾದವುಗಳನ್ನು ಚೆನ್ನಾಗಿ ತಯಾರಿಸಲು ಆಗುವುದಿಲ್ಲ. ಕೂಡಿಟ್ಟರೆ ಬೇಗನೆ ಕಮಟು ವಾಸನೆ ಬರುತ್ತದೆ.

ಒಂದೇ ತಳಿಯ, ಒಂದೇ ತೂಕದ ಎರಡು ಹಂದಿಗಳಲ್ಲಿ ಒಂದರ ಕೊಬ್ಬು ಗಟ್ಟಿಯಾಗಿಯೂ ಇನ್ನೊಂದರ ಕೊಬ್ಬು ಮೆತ್ತಗೂ ಇರುವುದುಂಟು. ಹೀಗಾಗಲು ಬಹುಪಾಲು ಕಾರಣ ನಾವು ಹಾಕುವ ಆಹಾರವೇ. ಹಂದಿಯು ತಿಂದ ಎಣ್ಣೆಯ ಗುಣವು ಅದರ ಮೈಕೊಬ್ಬಿನಲ್ಲಿ ಹೆಚ್ಚು ಬದಲಾಗದೆ ಕಾಣಿಸಿಕೊಳ್ಳುತ್ತದೆ. ಈ ವಿಷಯವನ್ನು ತಿಳಿದು ಆಹಾರವನ್ನು ಹೊಂದಿಸಿಕೊಂಡರೆ ಬೆಲೆಯಲ್ಲಿ ಆಗುವ ಕಡಿತವನ್ನು ತಪ್ಪಿಸಿಕೊಳ್ಳಬಹುದು. ಅಗ್ಗದ ಆಹಾರವನ್ನು ಪೂರ್ತಿ ಬಿಡಬೇಕಾದ ಅಗತ್ಯವೂ ಇಲ್ಲ. ಯಾವುದನ್ನು, ಎಷ್ಟು, ಯಾವ ವಯಸ್ಸಿನಲ್ಲಿ ಕೊಡಬೇಕೆಂಬುದನ್ನು ತಿಳಿದರೆ ಸಾಕು.

ಗಟ್ಟಿ ಕೊಬ್ಬು ಮತ್ತು ಮೃದು ಕೊಬ್ಬು

ಎಣ್ಣೆಯಾಗಲಿ, ತುಪ್ಪವಾಗಲಿ, ಹಂದಿಯ ಕೊಬ್ಬಾಗಲಿ ಎಲ್ಲವೂ ಮುಖ್ಯವಾಗಿ ಕೊಬ್ಬಿನ ಆಮ್ಲಗಳಿಂದ ಆದವು. ಈ ಆಮ್ಲಗಳಲ್ಲಿ ಎರಡು ಪಂಗಡಗಳಿವೆ. ಮೊದಲನೆಯದು ಸಂತೃಪ್ತ ಆಮ್ಲಗಳು. ಇವುಗಳಲ್ಲಿ ಪಾಮಿಟಿಕ್ ಆಮ್ಲವು ಸುಮಾರು 63 ಡಿಗ್ರಿ ಸೆಂಟಿಗ್ರೇಡಿನಲ್ಲೂ, ಸ್ಟಿಯರಿಕ್ ಆಮ್ಲವು ಸುಮಾರು 69 ಡಿಗ್ರಿಯಲ್ಲೂ ಕರಗುತ್ತವೆ. ಆದುದರಿಂದ ಇವು ಹೆಚ್ಚಾಗಿರುವ ಕೊಬ್ಬು ಗಟ್ಟಿಯಾಗಿರುತ್ತದೆ. ಎರಡನೆಯದು ಅಸಂತೃಪ್ತ ಆಮ್ಲಗಳು. ಇವುಗಳಲ್ಲಿ ಓಲಿಕ್ ಆಮ್ಲವು ಸುಮಾರು 13 ರಿಂದ 16 ಡಿಗ್ರಿಯಲ್ಲಿಯೇ ಕರಗುತ್ತದೆ. ಲಿನೋಲಿಕ್ ಮತ್ತು ಲಿನೋಲೆನಿಕ್ ಆಮ್ಲಗಳು ನೀರು ಹೆಪ್ಪುಗಟ್ಟುವ ಚಳಿಯಲ್ಲಿಯೂ ದ್ರವವಾಗಿಯೇ ಇರುತ್ತವೆ. ಇವು ಹೆಚ್ಚಾದಷ್ಟೂ ಕೊಬ್ಬು ಮೆತ್ತಗಾಗುತ್ತದೆ.

ಕೊಬ್ಬಿನ ಈ ಗುಣವನ್ನು ಅಳೆಯಲು ಪ್ರಯೋಗಾಲಯಗಳಲ್ಲಿ ‘ಅಯೋಡಿನ್ ಅಂಕ’ ಎಂಬ ಅಳತೆಯನ್ನು ಬಳಸುತ್ತಾರೆ. ನೂರು ಗ್ರಾಂ ಕೊಬ್ಬು ಎಷ್ಟು ಗ್ರಾಂ ಅಯೋಡಿನನ್ನು ಹಿಡಿದುಕೊಳ್ಳುತ್ತದೆ ಎಂಬುದೇ ಈ ಅಂಕ. ಅಸಂತೃಪ್ತ ಆಮ್ಲಗಳು ಹೆಚ್ಚಾದಂತೆ ಅಂಕವೂ ಏರುತ್ತದೆ. ತೆಂಗಿನ ಎಣ್ಣೆಯ ಅಂಕ ಕೇವಲ 7 ರಿಂದ 10. ಕಡಲೆಕಾಯಿ ಎಣ್ಣೆಯದು 90ರ ಆಸುಪಾಸು. ಸೋಯಾ ಎಣ್ಣೆಯದು 120 ರಿಂದ 140. ಅಗಸೆ ಎಣ್ಣೆಯದು 170ಕ್ಕೂ ಮೇಲೆ. ಹಂದಿಯ ಕೊಬ್ಬಿನ ಅಂಕ ಸಾಮಾನ್ಯವಾಗಿ 55 ರಿಂದ 70ರ ಒಳಗಿರುತ್ತದೆ. 70ನ್ನು ದಾಟಿದರೆ ಕೊಬ್ಬು ಮೆತ್ತಗಾಗತೊಡಗಿದೆ ಎಂದು ತಿಳಿಯಬಹುದು. ಹಾಗೆಯೇ ಬೆನ್ನಿನ ಕೊಬ್ಬಿನಲ್ಲಿ ಲಿನೋಲಿಕ್ ಆಮ್ಲವು ಶೇಕಡ 15ನ್ನು ಮೀರುವುದು ಒಳ್ಳೆಯದಲ್ಲ.

ಮೈಯಲ್ಲಿ ಕೊಬ್ಬು ಸೇರುವ ಎರಡು ದಾರಿಗಳು

ಹಂದಿಯ ಮೈಗೆ ಕೊಬ್ಬು ಎರಡು ದಾರಿಗಳಿಂದ ಬರುತ್ತದೆ.

ಮೊದಲನೆಯದು, ಹಂದಿಯು ತಾನೇ ತಯಾರಿಸಿಕೊಳ್ಳುವ ಕೊಬ್ಬು. ರಾಗಿ, ಮೆಕ್ಕೆಜೋಳ, ಮರಗೆಣಸು ಮುಂತಾದವುಗಳ ಪಿಷ್ಟವು ಅರಗಿ ಸಕ್ಕರೆಯಾಗಿ, ದೇಹದ ಅಗತ್ಯಕ್ಕಿಂತ ಹೆಚ್ಚಾದದ್ದು ಕೊಬ್ಬಾಗಿ ಮಾರ್ಪಡುತ್ತದೆ. ಹೀಗೆ ತಯಾರಾಗುವ ಕೊಬ್ಬಿನಲ್ಲಿ ಪಾಮಿಟಿಕ್, ಸ್ಟಿಯರಿಕ್ ಮತ್ತು ಓಲಿಕ್ ಆಮ್ಲಗಳು ಮಾತ್ರ ಪ್ರಧಾನವಾಗಿರುತ್ತವೆ. ಆದುದರಿಂದ ಇದು ಗಟ್ಟಿಯಾದ ಕೊಬ್ಬು.

ಎರಡನೆಯದು, ಆಹಾರದಲ್ಲಿಯೇ ಇರುವ ಎಣ್ಣೆ. ಇದು ಕರುಳಿನಲ್ಲಿ ಅರಗಿ ರಕ್ತವನ್ನು ಸೇರಿ, ಹೆಚ್ಚು ಮಾರ್ಪಾಡಿಲ್ಲದೆ ಚರ್ಮದ ಕೆಳಗಿನ ಕೊಬ್ಬಿನಲ್ಲಿ ಶೇಖರವಾಗುತ್ತದೆ. ಲಿನೋಲಿಕ್ ಮತ್ತು ಲಿನೋಲೆನಿಕ್ ಆಮ್ಲಗಳನ್ನು ಹಂದಿಯು ತಾನಾಗಿ ತಯಾರಿಸಲಾರದು. ಅದರ ಮೈಯಲ್ಲಿ ಇವು ಎಷ್ಟಿದ್ದರೂ ಆಹಾರದಿಂದಲೇ ಬಂದಿರಬೇಕು. ಜೊತೆಗೆ, ಆಹಾರದಲ್ಲಿ ಎಣ್ಣೆ ಹೆಚ್ಚಾದರೆ ಹಂದಿಯು ತಾನೇ ಕೊಬ್ಬು ತಯಾರಿಸುವ ಕೆಲಸವೂ ತಗ್ಗುತ್ತದೆ. ಹೀಗೆ ಮೆತ್ತನೆಯ ಕೊಬ್ಬು ಹೆಚ್ಚುವುದೂ ಗಟ್ಟಿ ಕೊಬ್ಬು ಕಡಿಮೆಯಾಗುವುದೂ ಒಟ್ಟಿಗೆ ನಡೆಯುತ್ತವೆ.

ದನಗಳಲ್ಲಿ ಹೀಗಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ದನ, ಎಮ್ಮೆ, ಕುರಿಗಳು ಮೆಲುಕು ಹಾಕುವ ಪ್ರಾಣಿಗಳು. ಅವುಗಳ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಎಣ್ಣೆಯ ಅಸಂತೃಪ್ತ ಆಮ್ಲಗಳಿಗೆ ಜಲಜನಕವನ್ನು ಸೇರಿಸಿ ಬಹುಪಾಲನ್ನು ಸಂತೃಪ್ತ ಆಮ್ಲಗಳನ್ನಾಗಿ ಮಾಡಿಬಿಡುತ್ತವೆ. ವನಸ್ಪತಿ ತಯಾರಿಸುವ ಕಾರ್ಖಾನೆಯಲ್ಲಿ ನಡೆಯುವಂತಹ ಕೆಲಸವೇ ಅಲ್ಲಿಯೂ ನಡೆಯುತ್ತದೆ. ಹಂದಿಗೆ ಇರುವುದು ಮನುಷ್ಯನಂತೆ ಒಂದೇ ಹೊಟ್ಟೆ. ಅಲ್ಲಿ ಈ ಮಾರ್ಪಾಡು ನಡೆಯುವುದಿಲ್ಲ.

ಅನುಭವದಿಂದ ತಿಳಿದ ಸತ್ಯ

ಈ ವಿಷಯವು ಹೊಸದೇನಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಡಲೆಕಾಯಿ ಹೊಲಗಳಿಗೆ ಹಂದಿಗಳನ್ನು ಬಿಟ್ಟು ಕೊಬ್ಬಿಸುವ ಪದ್ಧತಿ ಇತ್ತು. ಹಂದಿಗಳು ಚೆನ್ನಾಗಿ ಬೆಳೆಯುತ್ತಿದ್ದವು. ಆದರೆ ಅವುಗಳ ಕೊಬ್ಬು ತಂಪಿನಲ್ಲಿಟ್ಟರೂ ಗಟ್ಟಿಯಾಗುತ್ತಿರಲಿಲ್ಲ. ಮಾಂಸದ ಕಂಪನಿಗಳು ಇಂತಹ ಹಂದಿಗಳಿಗೆ ಕಡಿಮೆ ಬೆಲೆ ಕೊಡುತ್ತಿದ್ದವು. ರೈತರಿಗಾದ ಈ ನಷ್ಟವೇ ಅಲ್ಲಿನ ಕೃಷಿ ಇಲಾಖೆಯು ಸಂಶೋಧನೆ ಕೈಗೊಳ್ಳಲು ಕಾರಣವಾಯಿತು. 1920ರ ದಶಕದಲ್ಲಿ ಎಲ್ಲಿಸ್, ಹ್ಯಾಂಕಿನ್ಸ್ ಮೊದಲಾದ ವಿಜ್ಞಾನಿಗಳು, ಎಣ್ಣೆ ಕಡಿಮೆ ಇರುವ ಧಾನ್ಯಗಳನ್ನು ತಿಂದ ಹಂದಿಗಳಲ್ಲಿ ಗಟ್ಟಿ ಕೊಬ್ಬೂ, ಕಡಲೆಕಾಯಿ ಮತ್ತು ಸೋಯಾ ತಿಂದವುಗಳಲ್ಲಿ ಮೃದು ಕೊಬ್ಬೂ ಶೇಖರವಾಗುವುದನ್ನು ವಿಶ್ಲೇಷಣೆಯಿಂದ ತೋರಿಸಿಕೊಟ್ಟರು.

ಡೆನ್ಮಾರ್ಕಿನಲ್ಲಿ ಇದಕ್ಕೂ ಮೊದಲೇ, 1901ರಲ್ಲಿ, ಹೆನ್ರಿಕ್ಸ್ ಮತ್ತು ಹ್ಯಾನ್ಸನ್ ಎಂಬ ಸಂಶೋಧಕರು ಇನ್ನೊಂದು ಅಂಶವನ್ನು ಪ್ರಕಟಿಸಿದ್ದರು. ಬೆನ್ನಿನ ಕೊಬ್ಬಿನಲ್ಲಿ ಚರ್ಮಕ್ಕೆ ಹತ್ತಿರವಾದ ಹೊರಪದರವು ಒಳಪದರಕ್ಕಿಂತ ಮೃದುವಾಗಿರುತ್ತದೆ. ಮೂತ್ರಪಿಂಡದ ಸುತ್ತಲಿನ ಕೊಬ್ಬು ಎಲ್ಲಕ್ಕಿಂತ ಗಟ್ಟಿ. ಆದುದರಿಂದ ಕೊಬ್ಬಿನ ಗುಣವನ್ನು ಪರೀಕ್ಷಿಸುವವರು ಯಾವಾಗಲೂ ಒಂದೇ ಜಾಗದ ಕೊಬ್ಬನ್ನು ಹೋಲಿಸಿ ನೋಡಬೇಕು.

ನಮ್ಮಲ್ಲಿ ದೊರೆಯುವ ಆಹಾರಗಳು

ನಮ್ಮ ರಾಜ್ಯದಲ್ಲಿ ಹಂದಿಗಳಿಗೆ ಬಳಸುವ ಕೆಲವು ಆಹಾರಗಳ ವಿವರ ಕೆಳಗಿನ ಪಟ್ಟಿಯಲ್ಲಿದೆ. ಅಂಕಿಗಳು ಸ್ಥೂಲ ಸರಾಸರಿಗಳು. ಗಿರಣಿ, ಗಾಣ ಮತ್ತು ಬೆಳೆಗೆ ತಕ್ಕಂತೆ ಇವು ಸ್ವಲ್ಪ ಹೆಚ್ಚುಕಡಿಮೆಯಾಗುತ್ತವೆ. ಕೊನೆಯ ಕಾಲಮಿನಲ್ಲಿ ಕೊಟ್ಟಿರುವ ‘ಮೃದುತ್ವದ ಅಂಕ’ವನ್ನು, ಶೇಕಡಾವಾರು ಎಣ್ಣೆಯಂಶವನ್ನು ಆ ಎಣ್ಣೆಯ ಅಯೋಡಿನ್ ಅಂಕದಿಂದ ಗುಣಿಸಿ 10ರಿಂದ ಭಾಗಿಸಿ ಪಡೆದಿದೆ.

| ಆಹಾರ | ಎಣ್ಣೆಯಂಶ (ಶೇ.) | ಎಣ್ಣೆಯ ಅಯೋಡಿನ್ ಅಂಕ | ಮೃದುತ್ವದ ಅಂಕ |
|---|---|---|---|
| ರಾಗಿ | 1.5 | 100 | 15 |
| ಮೆಕ್ಕೆಜೋಳ | 4 | 125 | 50 |
| ಎಣ್ಣೆ ತೆಗೆಯದ ಅಕ್ಕಿ ತೌಡು | 15 | 100 | 150 |
| ಎಣ್ಣೆ ತೆಗೆದ ಅಕ್ಕಿ ತೌಡು | 1 | 100 | 10 |
| ಗಾಣದ ಕಡಲೆಕಾಯಿ ಹಿಂಡಿ | 8 | 95 | 76 |
| ಗಾಣದ ಕೊಬ್ಬರಿ ಹಿಂಡಿ | 8 | 9 | 7 |
| ಎಣ್ಣೆ ತೆಗೆದ ಸೋಯಾ ಹಿಂಡಿ | 1 | 130 | 13 |
| ಹುರಿದ ಇಡೀ ಸೋಯಾ ಕಾಳು | 18 | 130 | 234 |
| ಎಣ್ಣೆ ತೆಗೆಯದ ಒಣ ರೇಷ್ಮೆ ಪ್ಯೂಪಾ | 25 | 130 | 325 |

ಪಟ್ಟಿಯನ್ನು ಗಮನಿಸಿದರೆ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಎಣ್ಣೆಯು ಎಷ್ಟಿದೆ ಎಂಬುದರ ಜೊತೆಗೆ ಅದು ಎಂತಹುದು ಎಂಬುದೂ ಮುಖ್ಯ. ಕಡಲೆಕಾಯಿ ಹಿಂಡಿಯಲ್ಲಿಯೂ ಕೊಬ್ಬರಿ ಹಿಂಡಿಯಲ್ಲಿಯೂ ಎಣ್ಣೆ ಒಂದೇ ಪ್ರಮಾಣದಲ್ಲಿದ್ದರೂ ಕೊಬ್ಬರಿ ಹಿಂಡಿಯಿಂದ ಕೊಬ್ಬು ಮೃದುವಾಗುವುದಿಲ್ಲ. ಎರಡನೆಯದಾಗಿ, ಒಂದೇ ತೌಡು ಎಣ್ಣೆ ತೆಗೆಯುವ ಮುನ್ನ ಒಂದು ಬಗೆ, ತೆಗೆದ ಮೇಲೆ ಇನ್ನೊಂದು ಬಗೆ. ‘ತೌಡು’ ಎಂದು ಮಾತ್ರ ಹೇಳಿ ಕೊಳ್ಳುವುದರ ಬದಲು ಎಣ್ಣೆ ತೆಗೆದದ್ದೋ ಅಲ್ಲವೋ ಎಂದು ವಿಚಾರಿಸಿ ಕೊಳ್ಳುವುದು ಅಗತ್ಯ. ಎಣ್ಣೆ ಇರುವ ತೌಡನ್ನು ಕಾಗದದ ಮೇಲಿಟ್ಟು ಒತ್ತಿದರೆ ಜಿಡ್ಡಿನ ಕಲೆ ಬೀಳುತ್ತದೆ. ಇಂತಹ ತೌಡು ಗಿರಣಿಯಿಂದ ಬಂದ ಕೆಲವೇ ದಿನಗಳಲ್ಲಿ ಕಮಟಾಗುವುದರಿಂದ ಹೆಚ್ಚು ದಾಸ್ತಾನು ಮಾಡಬಾರದು.

ಮರಗೆಣಸಿನಲ್ಲಿ ಎಣ್ಣೆ ಶೇಕಡ ಒಂದಕ್ಕಿಂತಲೂ ಕಡಿಮೆ. ಆದುದರಿಂದ ಅದನ್ನು ತಿಂದ ಹಂದಿಯ ಕೊಬ್ಬು ಗಟ್ಟಿಯಾಗಿರುತ್ತದೆ. ಆದರೆ ಅದರಲ್ಲಿ ಸಸಾರಜನಕವೂ ತೀರ ಕಡಿಮೆಯಾದುದರಿಂದ ಹಿಂಡಿಯನ್ನು ಸೇರಿಸಿಯೇ ಕೊಡಬೇಕು. ಹಸಿ ಗೆಡ್ಡೆಯಲ್ಲಿ ವಿಷಾಂಶವಿರುವುದರಿಂದ ಹೋಳು ಮಾಡಿ ಒಣಗಿಸಿ ಅಥವಾ ಬೇಯಿಸಿ ಬಳಸಬೇಕು.

ಮಿಶ್ರಣದ ಲೆಕ್ಕ ಹಾಕುವ ವಿಧಾನ

ದಾಣಿ ಮಿಶ್ರಣದ ಒಟ್ಟು ಮೃದುತ್ವದ ಅಂಕವನ್ನು ರೈತರೇ ಲೆಕ್ಕ ಹಾಕಬಹುದು. ನೂರು ಕೆ.ಜಿ. ಮಿಶ್ರಣದಲ್ಲಿ ಪ್ರತಿಯೊಂದು ವಸ್ತುವೂ ಎಷ್ಟು ಕೆ.ಜಿ. ಇದೆಯೋ ಅದನ್ನು ಅದರ ಅಂಕದಿಂದ ಗುಣಿಸಿ 100ರಿಂದ ಭಾಗಿಸಬೇಕು. ಬಂದ ಅಂಕಿಗಳನ್ನೆಲ್ಲ ಕೂಡಿಸಬೇಕು. ಮೊತ್ತವು ಸುಮಾರು 60ನ್ನು ದಾಟದಂತೆ ನೋಡಿಕೊಂಡರೆ ಕೊಬ್ಬು ಸಾಮಾನ್ಯವಾಗಿ ತೃಪ್ತಿಕರವಾಗಿರುತ್ತದೆ.

ಮೊದಲನೆಯ ಮಿಶ್ರಣ: ಮೆಕ್ಕೆಜೋಳ 40 ಕೆ.ಜಿ., ಎಣ್ಣೆ ತೆಗೆಯದ ತೌಡು 40 ಕೆ.ಜಿ., ಗಾಣದ ಕಡಲೆಕಾಯಿ ಹಿಂಡಿ 17 ಕೆ.ಜಿ., ಖನಿಜ ಮಿಶ್ರಣ ಮತ್ತು ಉಪ್ಪು 3 ಕೆ.ಜಿ. ಇದರಲ್ಲಿ ಮೆಕ್ಕೆಜೋಳದಿಂದ 20, ತೌಡಿನಿಂದ 60, ಹಿಂಡಿಯಿಂದ ಸುಮಾರು 13, ಒಟ್ಟು 93. ತೌಡೊಂದೇ 60ರ ಮಿತಿಯನ್ನು ಮುಟ್ಟಿದೆ ಎಂಬುದನ್ನು ಗಮನಿಸಬೇಕು.

ಎರಡನೆಯ ಮಿಶ್ರಣ: ಮೆಕ್ಕೆಜೋಳ 50 ಕೆ.ಜಿ., ರಾಗಿ 10 ಕೆ.ಜಿ., ಎಣ್ಣೆ ತೆಗೆದ ತೌಡು 20 ಕೆ.ಜಿ., ಎಣ್ಣೆ ತೆಗೆದ ಸೋಯಾ ಹಿಂಡಿ 17 ಕೆ.ಜಿ., ಖನಿಜ ಮಿಶ್ರಣ ಮತ್ತು ಉಪ್ಪು 3 ಕೆ.ಜಿ. ಇದರಲ್ಲಿ ಮೆಕ್ಕೆಜೋಳದಿಂದ 25, ರಾಗಿಯಿಂದ ಒಂದೂವರೆ, ತೌಡಿನಿಂದ 2, ಸೋಯಾ ಹಿಂಡಿಯಿಂದ ಸುಮಾರು 2, ಒಟ್ಟು 31ಕ್ಕಿಂತ ಕಡಿಮೆ.

ಎರಡು ಮಿಶ್ರಣಗಳಲ್ಲಿಯೂ ಸಸಾರಜನಕ ಹೆಚ್ಚುಕಡಿಮೆ ಶೇಕಡ 16ರಷ್ಟಿದೆ. ಹಂದಿಯ ಮಾಂಸ ಬೆಳೆಯುವುದಕ್ಕೆ ಎರಡೂ ಸಾಕಾಗುತ್ತವೆ. ಆದರೆ ಮೊದಲನೆಯದರಲ್ಲಿ ಎಣ್ಣೆ ಸುಮಾರು ಶೇಕಡ 9, ಎರಡನೆಯದರಲ್ಲಿ ಶೇಕಡ ಎರಡೂವರೆ ಮಾತ್ರ. ಅಕ್ಕಿ ಗಿರಣಿಯ ಹತ್ತಿರವಿರುವವರಿಗೆ ಮೊದಲನೆಯದು ಅಗ್ಗವಾಗಬಹುದು. ಇಂತಹವರು ಅದನ್ನು ಪೂರ್ತಿ ಕೈಬಿಡುವುದು ಕಷ್ಟ. ಅವರು ಅನುಸರಿಸಬಹುದಾದ ಕ್ರಮವನ್ನು ಮುಂದೆ ಹೇಳಿದೆ.

ಆಹಾರವನ್ನು ಬದಲಿಸುವ ಕಾಲ

ಹಂದಿಯು ಎಳೆಯ ವಯಸ್ಸಿನಲ್ಲಿ ಮುಖ್ಯವಾಗಿ ಎಲುಬು, ಮಾಂಸಗಳನ್ನು ಬೆಳೆಸಿಕೊಳ್ಳುತ್ತದೆ. ತೂಕವು 50 ಕೆ.ಜಿ. ದಾಟಿದ ಮೇಲೆ ಕೊಬ್ಬು ಸೇರುವ ವೇಗ ಹೆಚ್ಚುತ್ತದೆ. ಹೀಗಿರಲು ಕೊನೆಯ ಎರಡು ತಿಂಗಳ ಆಹಾರವೇ ಕೊಬ್ಬಿನ ಗುಣವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ದಿನಕ್ಕೆ ಅರ್ಧ ಕೆ.ಜಿ.ಯಂತೆ ತೂಕ ಹೆಚ್ಚುವ ಹಂದಿಯು 60 ಕೆ.ಜಿ.ಯಿಂದ 90 ಕೆ.ಜಿ. ಮುಟ್ಟಲು 60 ದಿನಗಳು ಬೇಕು. ಆದುದರಿಂದ 55 ರಿಂದ 60 ಕೆ.ಜಿ. ತೂಕದವರೆಗೆ ಎಣ್ಣೆ ಇರುವ ತೌಡು, ಗಾಣದ ಹಿಂಡಿ ಇರುವ ಮಿಶ್ರಣವನ್ನು ಕೊಟ್ಟು, ಅಲ್ಲಿಂದ ಮುಂದೆ ಎರಡನೆಯ ಮಿಶ್ರಣಕ್ಕೆ ಬದಲಿಸುವುದು ಅನುಕೂಲಕರ. ಬದಲಾವಣೆಯನ್ನು ನಾಲ್ಕೈದು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಮಾಡಬೇಕು. ಎರಡನೆಯ ಮಿಶ್ರಣದಲ್ಲಿ ಎಣ್ಣೆ ಕಡಿಮೆ ಇರುವುದರಿಂದ ಹಂದಿಯು ಸ್ವಲ್ಪ ಹೆಚ್ಚು ತಿನ್ನಬಹುದು. ಅದಕ್ಕಾಗಿ ಗಾಬರಿಪಡಬೇಕಿಲ್ಲ.

ಮಾರಾಟಕ್ಕೆ ಹತ್ತು ಹದಿನೈದು ದಿನಗಳಿರುವಾಗ ಆಹಾರವನ್ನು ಬದಲಿಸಿದರೆ ಸಾಲುವುದಿಲ್ಲ. ಒಮ್ಮೆ ಸೇರಿದ ಮೆತ್ತನೆಯ ಕೊಬ್ಬು ಹಾಗೆಯೇ ಕರಗಿ ಹೋಗುವುದಿಲ್ಲ. ಹೊಸದಾಗಿ ಸೇರುವ ಗಟ್ಟಿ ಕೊಬ್ಬು ಅದರೊಡನೆ ಬೆರೆತು ಸರಾಸರಿ ಗುಣವನ್ನು ನಿಧಾನವಾಗಿ ಸುಧಾರಿಸುತ್ತದೆ. ಇದಕ್ಕೆ ಆರರಿಂದ ಎಂಟು ವಾರಗಳು ಬೇಕು. ಇದಕ್ಕೆ ವಿರುದ್ಧವಾಗಿ, ಕೊನೆಯ ಕೆಲವೇ ವಾರಗಳಲ್ಲಿ ಹೆಚ್ಚು ಎಣ್ಣೆಯ ಆಹಾರವನ್ನು ಕೊಟ್ಟರೂ ಅಲ್ಲಿಯವರೆಗಿನ ಶ್ರಮ ಹಾಳಾಗುತ್ತದೆ. ಕೊಬ್ಬಿಸುವ ಅವಸರದಲ್ಲಿ ಕೊನೆಗಾಲದಲ್ಲಿ ಹಿಂಡಿ, ತೌಡುಗಳನ್ನು ಹೆಚ್ಚಿಸುವ ರೂಢಿಯನ್ನು ಬಿಡಬೇಕು. ಗಟ್ಟಿ ಕೊಬ್ಬನ್ನೋ ವನಸ್ಪತಿಯನ್ನೋ ಸೇರಿಸಿ ಇದನ್ನು ಸರಿಪಡಿಸಲು ಹೋಗುವುದರಿಂದಲೂ ಪ್ರಯೋಜನ ಕಡಿಮೆ. ಮೆತ್ತನೆಯ ಎಣ್ಣೆಯನ್ನು ಕಡಿಮೆ ಮಾಡುವುದೇ ಸರಿಯಾದ ದಾರಿ.

ರೇಷ್ಮೆ ಪ್ಯೂಪಾ ಮತ್ತು ಮೀನು

ರಾಮನಗರ, ಶಿಡ್ಲಘಟ್ಟ ಮುಂತಾದ ಕಡೆ ಗೂಡಿನಿಂದ ನೂಲು ತೆಗೆದ ಮೇಲೆ ಉಳಿಯುವ ಪ್ಯೂಪಾ ಸಸಾರಜನಕದ ದೃಷ್ಟಿಯಿಂದ ಉತ್ತಮ ಆಹಾರ. ಒಣಗಿಸಿದ ಪ್ಯೂಪಾದಲ್ಲಿ ಸುಮಾರು ಅರ್ಧದಷ್ಟು ಸಸಾರಜನಕವಿರುತ್ತದೆ. ಆದರೆ ಕಾಲು ಭಾಗದಷ್ಟು ಎಣ್ಣೆಯೂ ಇರುತ್ತದೆ. ಈ ಎಣ್ಣೆಯಲ್ಲಿ ಸುಮಾರು ಮೂರನೆಯ ಒಂದು ಭಾಗ ಲಿನೋಲೆನಿಕ್ ಆಮ್ಲ. ಇದು ಗಾಳಿಯೊಡನೆ ಬಹು ಬೇಗ ಸೇರಿ ಕಮಟಾಗುವ ಆಮ್ಲ. ಹೀಗಾಗಿ ಪ್ಯೂಪಾವನ್ನು ಹೆಚ್ಚಾಗಿ ತಿಂದ ಹಂದಿಯ ಕೊಬ್ಬು ಮೆತ್ತಗಾಗುವುದಲ್ಲದೆ ಮಾಂಸಕ್ಕೆ ಅಹಿತವಾದ ವಾಸನೆಯೂ ಬರಬಹುದು. ಎಣ್ಣೆ ತೆಗೆದ ಪ್ಯೂಪಾ ಪುಡಿ ಸಿಕ್ಕಿದರೆ ಈ ತೊಂದರೆ ಇರುವುದಿಲ್ಲ. ಎಣ್ಣೆ ತೆಗೆಯದ ಪ್ಯೂಪಾವನ್ನು ಮರಿಗಳಿಗೂ ಬೆಳೆಯುವ ಹಂದಿಗಳಿಗೂ ಮಿತವಾಗಿ ಕೊಟ್ಟು, ಕೊನೆಯ ಎರಡು ತಿಂಗಳು ಪೂರ್ತಿ ನಿಲ್ಲಿಸುವುದು ಕ್ಷೇಮ.

ಕರಾವಳಿಯಲ್ಲಿ ಮೀನಿನ ತ್ಯಾಜ್ಯವನ್ನು ಹಾಕುವವರು ಇದೇ ಎಚ್ಚರಿಕೆಯನ್ನು ವಹಿಸಬೇಕು. ಜಿಡ್ಡು ಹೆಚ್ಚಿರುವ ಮೀನನ್ನು ಬಹಳ ದಿನ ತಿನ್ನಿಸಿದಾಗ, ಅದರಲ್ಲೂ ಆಹಾರದಲ್ಲಿ ‘ಇ’ ಜೀವಸತ್ವವು ಸಾಲದಿದ್ದಾಗ, ಕೊಬ್ಬು ಹಳದಿಯಾಗಿ ಮೀನಿನ ವಾಸನೆ ಹೊಡೆಯುತ್ತದೆ. ‘ಇ’ ಜೀವಸತ್ವವು ಕೊಬ್ಬು ಕಮಟಾಗುವುದನ್ನು ತಡೆಯುತ್ತದೆ. ಆದರೆ ಮೆತ್ತನೆಯ ಕೊಬ್ಬನ್ನು ಅದು ಗಟ್ಟಿ ಮಾಡಲಾರದು.

ಹೋಟೆಲು ಉಳಿಕೆ

ನಗರಗಳ ಸುತ್ತಮುತ್ತ ಹೋಟೆಲು, ಹಾಸ್ಟೆಲುಗಳ ಉಳಿಕೆಯೇ ಹಂದಿಗಳ ಮುಖ್ಯ ಆಹಾರ. ಅನ್ನ, ಇಡ್ಲಿ, ಮುದ್ದೆಗಳಿಂದ ಕೊಬ್ಬಿಗೆ ಯಾವ ತೊಂದರೆಯೂ ಇಲ್ಲ. ಕರಿದ ತಿಂಡಿ, ಬಳಸಿ ಉಳಿದ ಎಣ್ಣೆ, ಎಣ್ಣೆ ತೇಲುವ ಸಾರುಗಳಿಂದ ತೊಂದರೆ. ಸೂರ್ಯಕಾಂತಿ ಎಣ್ಣೆಯ ಅಯೋಡಿನ್ ಅಂಕವೂ ಸೋಯಾ ಎಣ್ಣೆಯಷ್ಟೇ ಹೆಚ್ಚು. ಉಳಿಕೆಯನ್ನು ಕುದಿಸಿ ಆರಿಸಿದಾಗ ಮೇಲೆ ತೇಲುವ ಎಣ್ಣೆಯನ್ನು ತೆಗೆದುಬಿಟ್ಟರೆ ಬಹಳಷ್ಟು ಲಾಭವಿದೆ. ಕುದಿಸುವುದು ಇನ್ನೊಂದು ಕಾರಣಕ್ಕಾಗಿಯೂ ಕಡ್ಡಾಯ. 2020ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿ ಜ್ವರವು ಹಂದಿ ಮಾಂಸ ಬೆರೆತ ಉಳಿಕೆಯಿಂದಲೂ ಹರಡುತ್ತದೆ. ಅದಕ್ಕೆ ಚಿಕಿತ್ಸೆ ಇಲ್ಲ. ಹಂದಿ ಮಾಂಸ ಸೇರಿದ ಉಳಿಕೆಯನ್ನು ತಾರದಿರುವುದೇ ಉತ್ತಮ.

ಇತರ ಕಾರಣಗಳು

ಕೊಬ್ಬು ಮೆತ್ತಗಾಗುವುದಕ್ಕೆ ಆಹಾರವೊಂದೇ ಕಾರಣವಲ್ಲ. ಬೆನ್ನಿನ ಕೊಬ್ಬು ತೆಳುವಾಗಿರುವ ಹಂದಿಗಳಲ್ಲಿ ಅದು ಮೆತ್ತಗೂ ಇರುತ್ತದೆ. ಬೀಜ ಒಡೆಯದ ಗಂಡು ಹಂದಿಯ ಕೊಬ್ಬು, ಬೀಜ ಒಡೆದ ಗಂಡಿನ ಕೊಬ್ಬಿಗಿಂತ ಮೃದು. ಹೊಟ್ಟೆಗೆ ಸಾಲದೆ ನಿಧಾನವಾಗಿ ಬೆಳೆದ ಹಂದಿಯಲ್ಲಿಯೂ ಗಟ್ಟಿ ಕೊಬ್ಬು ಸೇರುವುದಿಲ್ಲ. ಆದುದರಿಂದ ಕೊನೆಯ ಕಾಲದಲ್ಲಿ ಎಣ್ಣೆಯನ್ನು ಕಡಿಮೆ ಮಾಡಬೇಕೇ ಹೊರತು ಹೊಟ್ಟೆಗೆ ಕಡಿಮೆ ಮಾಡಬಾರದು.

ಮೃದು ಕೊಬ್ಬು ಎಲ್ಲ ಕಡೆಯೂ ದೋಷವೇ?

ಎಲ್ಲ ಮಾರುಕಟ್ಟೆಗಳಿಗೂ ಒಂದೇ ಮಾತು ಅನ್ವಯಿಸುವುದಿಲ್ಲ. ಸ್ಪೇನ್ ದೇಶದಲ್ಲಿ ಓಕ್ ಮರದ ಕಾಯಿಗಳನ್ನು ತಿಂದು ಕೊಬ್ಬಿದ ಐಬೀರಿಯನ್ ಹಂದಿಗಳ ಕೊಬ್ಬು ಮೃದುವಾಗಿದ್ದರೂ ಅವುಗಳ ತೊಡೆಯ ಮಾಂಸಕ್ಕೆ ಭಾರಿ ಬೆಲೆ ಇದೆ. ಆ ಕಾಯಿಗಳಲ್ಲಿ ಓಲಿಕ್ ಆಮ್ಲವೇ ಪ್ರಧಾನ. ಅದು ಲಿನೋಲಿಕ್, ಲಿನೋಲೆನಿಕ್ ಆಮ್ಲಗಳಂತೆ ಬೇಗನೆ ಕಮಟಾಗುವುದಿಲ್ಲ. ಅಸಂತೃಪ್ತ ಆಮ್ಲಗಳು ಮನುಷ್ಯನ ಆರೋಗ್ಯಕ್ಕೆ ಒಳ್ಳೆಯವೆಂದು ಕೆಲವು ದೇಶಗಳಲ್ಲಿ ಅಗಸೆಯನ್ನು ತಿನ್ನಿಸಿ ಹಂದಿಯ ಕೊಬ್ಬನ್ನು ಬೇಕೆಂದೇ ಬದಲಾಯಿಸುವುದೂ ಉಂಟು. ಅಂತಹ ಮಾಂಸವನ್ನು ಬೇಗ ಬಳಸಬೇಕು.

ನಮ್ಮ ಕೊಡಗು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಕೊಯ್ದ ದಿನವೇ ಮಾಂಸವನ್ನು ಸಾರು ಮಾಡುವ ಮನೆಗಳಿಗೆ ಕೊಬ್ಬು ಸ್ವಲ್ಪ ಮೃದುವಾಗಿದ್ದರೂ ಹೆಚ್ಚು ತೊಂದರೆಯಿಲ್ಲ. ಆದರೆ ಹೊಗೆಯಾಡಿಸಿ ಇಡುವವರಿಗೆ, ಉಪ್ಪಿನಕಾಯಿ ಹಾಕುವವರಿಗೆ, ಶೀತಲ ಪೆಟ್ಟಿಗೆಯಲ್ಲಿಟ್ಟು ಮಾರುವ ಅಂಗಡಿಗಳಿಗೆ ಹಾಗೂ ಸಾಸೇಜ್ ತಯಾರಕರಿಗೆ ಗಟ್ಟಿ ಕೊಬ್ಬೇ ಬೇಕು. ತಮ್ಮ ಹಂದಿ ಯಾರ ಕೈ ಸೇರುತ್ತದೆ ಎಂಬುದನ್ನು ಅರಿತು ಆಹಾರವನ್ನು ನಿಶ್ಚಯಿಸಬೇಕು.

ನೆನಪಿಡಬೇಕಾದ ಅಂಶಗಳು

1. ಹಂದಿಯು ತಿಂದ ಎಣ್ಣೆಯ ಗುಣವೇ ಅದರ ಕೊಬ್ಬಿಗೆ ಬರುತ್ತದೆ. ಪಿಷ್ಟದಿಂದ ಗಟ್ಟಿ ಕೊಬ್ಬು, ಮೆತ್ತನೆಯ ಎಣ್ಣೆಯಿಂದ ಮೃದು ಕೊಬ್ಬು.

2. ತೌಡು, ಹಿಂಡಿ, ಪ್ಯೂಪಾಗಳನ್ನು ಕೊಳ್ಳುವಾಗ ಎಣ್ಣೆ ತೆಗೆದದ್ದೋ ಅಲ್ಲವೋ ಎಂದು ವಿಚಾರಿಸಬೇಕು.

3. ಕೊನೆಯ ಎರಡು ತಿಂಗಳ ಮಿಶ್ರಣದ ಮೃದುತ್ವದ ಅಂಕವು 60ನ್ನು ದಾಟಬಾರದು.

4. 55 ರಿಂದ 60 ಕೆ.ಜಿ. ತೂಕದಲ್ಲಿಯೇ ಆಹಾರವನ್ನು ಬದಲಿಸಬೇಕು. ಮಾರಾಟದ ಹಿಂದಿನ ವಾರ ಬದಲಿಸಿ ಪ್ರಯೋಜನವಿಲ್ಲ.

5. ಎಣ್ಣೆ ತೆಗೆಯದ ಪ್ಯೂಪಾ ಮತ್ತು ಜಿಡ್ಡಿನ ಮೀನನ್ನು ಕೊನೆಯ ಎರಡು ತಿಂಗಳು ಕೊಡಬಾರದು.

6. ಹೋಟೆಲು ಉಳಿಕೆಯನ್ನು ಚೆನ್ನಾಗಿ ಕುದಿಸಿ, ತೇಲುವ ಎಣ್ಣೆಯನ್ನು ತೆಗೆದು ಹಾಕಬೇಕು.

ಮೊದಲ ಸಲ ಹೀಗೆ ಮಾಡುವ ರೈತ ಬಾಂಧವರು ಒಂದೇ ಸೂಲಿನ ಮರಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹಳೆಯ ಆಹಾರವನ್ನೂ ಇನ್ನೊಂದಕ್ಕೆ ಕೊನೆಯ ಎರಡು ತಿಂಗಳು ಎಣ್ಣೆ ಕಡಿಮೆಯಾದ ಆಹಾರವನ್ನೂ ಕೊಟ್ಟು ನೋಡಬಹುದು. ಕೊಯ್ದಾಗ ಎರಡೂ ಗುಂಪುಗಳ ಬೆನ್ನಿನ ಕೊಬ್ಬಿನ ತುಂಡುಗಳನ್ನು ಒಂದು ರಾತ್ರಿ ಶೀತಲ ಪೆಟ್ಟಿಗೆಯಲ್ಲಿಟ್ಟು ಬೆಳಿಗ್ಗೆ ಬೆರಳಿನಿಂದ ಒತ್ತಿ ನೋಡಿದರೆ ವ್ಯತ್ಯಾಸವು ತಾನೇ ತಿಳಿಯುತ್ತದೆ. ಮಾಂಸ ಕೊಳ್ಳುವವರಿಗೂ ಅದನ್ನು ತೋರಿಸಿ ಬೆಲೆಯ ಮಾತನ್ನಾಡಬಹುದು.